ಹೇಳಿದವರ ಹೆಸರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ರಾಧಿಕಾ ಒಂದು ಪುಟ ಅಳಿಸಿದಳು.

ಬೀದರ ಜಿಲ್ಲೆಯ ಊರುಗಳ ಬಗ್ಗೆ ಒಂಬತ್ತು ಜನ ಸೇರಿ ಬರೆಯುವ ವಿಕಿ ಅದು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಯಾರು ಯಾವಾಗ ಏನು ತಿದ್ದಿದರೆಂಬುದು ಪ್ರತಿ ಪುಟದ ‘ಇತಿಹಾಸ’ದಲ್ಲಿ ತಾನಾಗಿ ದಾಖಲಾಗುತ್ತದೆ. ಅಳಿಸುವ ಅಧಿಕಾರ ರಾಧಿಕಾ ಒಬ್ಬಳಿಗೇ ಇತ್ತು. ಮೈಲೂರಿನ ಆಕೆ ಕಾಲೇಜೊಂದರ ಗ್ರಂಥಪಾಲಕಿ, ವಯಸ್ಸು ಮೂವತ್ತನಾಲ್ಕು.

ಅಳಿಸಿದ್ದು ಭಾಲ್ಕಿಯ ನಿವೃತ್ತ ಶಿಕ್ಷಕಿ ಅನುಸೂಯಾಬಾಯಿ ಹನ್ನೊಂದು ತಿಂಗಳು ಬರೆದ ಕರಡು: ಔರಾದ ತಾಲ್ಲೂಕಿನ ಯಾವ ಮನೆತನ ತನ್ನ ಕುರಿಗಳ ಕಿವಿ ಹೇಗೆ ಕೊಯ್ದು ಗುರುತು ಮಾಡುತ್ತದೆ ಎಂಬ ವಿವರ. ಅಳಿಸುವ ಮೊದಲು ರಾಧಿಕಾ ಅದರ ಪ್ರತಿ ಅಕ್ಷರವನ್ನೂ ನಕಲಿಸಿ, ಓದುಗರಿಗೆ ಕಾಣುವ ಹೊಸ ಪುಟದಲ್ಲಿ ಹಾಕಿದ್ದಳು. ಕೆಲಸ ಮುಗಿಯಿತು ಎಂದುಕೊಂಡಳು.

‘ಭಾರಿ ಬರ್ದೀರಿ ಮೇಡಂ’ ಎಂದು ಒಂಬತ್ತು ಜನರಲ್ಲಿ ಒಬ್ಬನಾದ ಔರಾದಿನ ಓಂಪ್ರಕಾಶ ಅವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಪುಟ ಜೋಡಿಸಿದ್ದಕ್ಕೆ ಹೇಳುತ್ತಿದ್ದಾನೆ ಎಂದು ರಾಧಿಕಾ ಕೈಮುಗಿದ ಚಿತ್ರ ಕಳಿಸಿದಳು. ಅನುಸೂಯಾಬಾಯಿ ಚರ್ಚೆ ಪುಟದಲ್ಲಿ ಒಂದೇ ಸಾಲು ಬರೆದರು: ‘ಪುಟ ಚೆನ್ನಾಗಿ ಬಂದಿದೆ.’ ಆಮೇಲೆ ಹತ್ತೊಂಬತ್ತು ದಿನ ಅವರಿಂದ ಒಂದು ತಿದ್ದುಪಡಿಯೂ ಬರಲಿಲ್ಲ.

ಇಪ್ಪತ್ತನೆಯ ದಿನ ರಾಧಿಕಾ ಆ ಪುಟದ ಇತಿಹಾಸ ತೆರೆದು ನೋಡಿದಳು. ಅಲ್ಲಿ ಒಂದೇ ಹೆಸರಿತ್ತು. ಅವಳದು. ಮರುದಿನ ಭಾಲ್ಕಿಯ ಬಸ್ಸು ಹತ್ತಿದಳು.

“ಬಾ ತಂಗಿ. ಫೋಟೋದಾಗ ದಪ್ಪ ಕಾಣ್ತಿದ್ದಿ,” ಎಂದರು ಅನುಸೂಯಾಬಾಯಿ.

“ಅಕ್ಕೋರ, ನನ್ನಿಂದ ತಪ್ಪಾಗ್ಯದರಿ. ಇತಿಹಾಸದ ಸಮೇತ ಪುಟಾನೇ ಸರಿಸ್ಬೇಕಿತ್ತು, ಬರೇ ಬರಹ ನಕಲು ಮಾಡಿ ಹಾಕ್ದೆ. ನಿಮ್ಮ ಹೆಸ್ರು ಹೋಗ್ಯದ.”

“ನನ್ನ ಹೆಸ್ರು ಪೆನ್ಶನ್ ಕಾಗದದ ಮ್ಯಾಲ ಅದ. ಅಷ್ಟು ಸಾಕು.”

“ಮತ್ತ ಬರಿಯೋದು ಯಾಕ ಬಿಟ್ರಿ?”

ಅನುಸೂಯಾಬಾಯಿ ಚಹಾ ಸೋಸಿ ತಂದಿಟ್ಟು ಕುಳಿತರು.

“ಉಳಿಸೋ ಮುಂದ ಕೆಳಗ ಒಂದು ಸಣ್ಣ ಡಬ್ಬಿ ಇರ್ತದಲ್ಲ, ಏನ್ ತಿದ್ದಿದ್ರಿ ಅಂತ ಕೇಳ್ತದ, ಬರ್ದದ್ದು ಇತಿಹಾಸದಾಗ ಉಳಿತದ. ನೀವೆಲ್ಲ ಅದ್ರಾಗ ಕಾಗುಣಿತ, ಅಲ್ಪವಿರಾಮ ಅಂತ ಬರಿತೀರಿ. ನಾ, ಗುರ್ತು ಹೇಳ್ದವರ ಹೆಸ್ರು ಬರಿತಿದ್ದೆ. ಲೇಖನದಾಗ ಅವೆಲ್ಲ ಬ್ಯಾಡ ಅಂದಾಕಿ ನೀನೇ.”

ರಾಧಿಕಾ ಹೌದೆಂದಳು.

“ಎಕಂಬಾದಾಗ ಧೊಂಡಿಬಾ ಅಂತ ಕುರಿ ಕಾಯೋರು ಅದಾರ. ಅವರಿಗಿ ಎಲ್ರೂ ಕೇಳ್ತಾರ. ಅವರ ಹೆಂಡ್ತಿ ಅಂಜನಾಬಾಯಿಗಿ ಯಾರೂ ಕೇಳಿಲ್ಲ. ಆಕಿಗಿ ನಾ ಮಾತು ಕೊಟ್ಟೇನಿ, ನೀ ಹೇಳಿದ್ದು ನಿನ್ನ ಹೆಸರ್ಲೇ ಇರ್ತದ, ಬಂದು ಓದಿ ತೋರಿಸ್ತೇನಿ ಅಂತ. ಈಗ ಯಾವ ಮುಖ ತೊಗೊಂಡು ಹೋಗ್ಲಿ?”

ಚಹಾ ಆರಿತು. ರಾಧಿಕಾ ಲ್ಯಾಪ್‌ಟಾಪ್ ತೆಗೆದು, ಅಳಿಸಿದ ಕರಡನ್ನು ಮರಳಿ ತಂದು, ಎರಡೂ ಪುಟಗಳ ಇತಿಹಾಸ ಕೂಡಿಸಿದಳು. ನಲವತ್ತು ನಿಮಿಷ ಹಿಡಿಯಿತು. ಇತಿಹಾಸದ ಇನ್ನೂರ ಹನ್ನೆರಡು ಸಾಲುಗಳು ಮತ್ತೆ ಬಂದವು. ಅವುಗಳನ್ನು ಅವಳು ಓದಿದ್ದು ಅದೇ ಮೊದಲು.

‘ಧೊಂಡಿಬಾ ಹೇಳಿದ್ದು.’ ‘ಧೊಂಡಿಬಾ ತಪ್ಪು ಹೇಳಿದ್ದರು, ಅಂಜನಾಬಾಯಿ ತಿದ್ದಿದರು.’ ‘ಅಂಜನಾಬಾಯಿ, ರೊಟ್ಟಿ ಬಡಿಯುತ್ತ.’ ‘ಅಂಜನಾಬಾಯಿ. ಇವತ್ತು ಅವರಿಗೆ ಮೊಣಕಾಲು ನೋವು, ಅರ್ಧಕ್ಕೆ ನಿಲ್ಲಿಸಿದೆವು.’

ಅಲ್ಲೇ ಕುಳಿತು ರಾಧಿಕಾ ಗುಂಪಿಗೆ ಬರೆದಳು: ಪುಟ ಅನುಸೂಯಾಬಾಯಿಯವರದು, ಹೊಗಳಿಕೆ ತಾನು ತೆಗೆದುಕೊಂಡದ್ದು ತಪ್ಪು.

‘ಹಂಗಿದ್ರ ನನ್ನ ಶಾಬಾಷ್ ವಾಪಸ್ ಕೊಡ್ರಿ ಮೇಡಂ’ ಎಂದು ಓಂಪ್ರಕಾಶ ಉತ್ತರಿಸಿದ. ‘ಅಕ್ಕೋರಿಗಿ ಕೊಡ್ತೇನಿ.’

ಮುಂದಿನ ಭಾನುವಾರ ಇಬ್ಬರೂ ಎಕಂಬಾಕ್ಕೆ ಹೋದರು. ಅಂಗಳದಲ್ಲಿ ಕುಳಿತು ಅನುಸೂಯಾಬಾಯಿ ಸಾಲಾಗಿ ಓದಿದರು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ.

“ನಾ ತಪ್ಪು ಹೇಳಿದ್ದೂ ಬರ್ದೀರೇನ್ರಿ?” ಎಂದರು ಧೊಂಡಿಬಾ.

“ಚಲೋ ಆತು. ನಾ ಹೇಳಿದ್ರ ಎಲ್ಲಿ ಕೇಳ್ತಿದ್ರು,” ಎಂದರು ಅಂಜನಾಬಾಯಿ. ತಮ್ಮ ಹೆಸರು ಬಂದಾಗಲೆಲ್ಲ ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಎಡಗಿವಿಗೆ ಎರಡು ಸೀಳು ಹಾಕುವ ಮನೆತನದ ಸಾಲು ಬಂದಾಗ ಕೈ ಎತ್ತಿ ತಡೆದರು.

“ಇದು ನಂದಲ್ರಿ ಅಕ್ಕೋರ. ನನ್ನ ಮೈದುನನ ಹೆಂಡ್ತಿ ಶಾಲುಬಾಯಿ ಹೇಳಿದ್ದು. ಅದು ಆಕಿ ತವರುಮನಿ ಗುರ್ತು. ನಾ ಬಾಜೂಕ ಕುಂತಿದ್ದೆ ಅಷ್ಟೇ. ಆಕಿದು ಆಕಿಗಿ ಹಾಕ್ರಿ.”

ಇತಿಹಾಸದ ಸಾಲು ಬದಲಿಸಲು ಬರುವುದಿಲ್ಲ, ಹೊಸದೊಂದು ಸೇರಿಸಬಹುದು ಎಂದಳು ರಾಧಿಕಾ. ಲ್ಯಾಪ್‌ಟಾಪನ್ನು ಅನುಸೂಯಾಬಾಯಿಯ ಕಡೆ ತಿರುಗಿಸಿದಳು.

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಅನುಸೂಯಾಬಾಯಿ ತಿದ್ದುಪಡಿ ಉಳಿಸಿದರು: ‘ಎಡಗಿವಿಯ ಎರಡು ಸೀಳು ಶಾಲುಬಾಯಿ ಹೇಳಿದ್ದು, ಹಾಗೆಂದು ತಿಳಿಸಿದವರು ಅಂಜನಾಬಾಯಿ.’ ಆಮೇಲೆ ಮೂವರೂ ಹೆಂಗಸರು ಅದನ್ನು ಓದಿ ಹೇಳಲು ಶಾಲುಬಾಯಿಯ ಮನೆಗೆ ಹೋದರು.