ಕೀ ಕೊಡುವಾಗ ಹೇಳುವ ಮಾತು

ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿಗೆ ಕೈ ಹಾಕಿ ಮಗಳು ಟ್ರ್ಯಾಕ್ಟರಿನ ಕೀ ಹೊರತೆಗೆದಳು. ನಡುಮನೆಯಲ್ಲಿ ಅಪ್ಪ ಮಲಗಿದ್ದ, ಇನ್ನೇನು ಎದ್ದು ಕಾಫಿ ಕೇಳುತ್ತಾನೆ ಅನ್ನುವ ಹಾಗೆ. ಅಂಗಳದಲ್ಲಿ ಸಸಿ ಬೆಳೆಸಿ ಮಾರುವ ಹೆಂಗಸು ಕೂತಿದ್ದಳು. ಟ್ರ್ಯಾಕ್ಟರು ಅವಳಿಗೆ ಮಾರಿಯಾಗಿತ್ತು, ಇವತ್ತು ಕೀ ಕೊಡುವುದೊಂದೇ ಬಾಕಿ. ಪಾಪ, ಅವಳು ಬಂದದ್ದು ಮುಖ ನೋಡಿ ಹೋಗಲಿಕ್ಕೆ. ಕೀ ಸುದ್ದಿಯನ್ನೇ ಎತ್ತಿರಲಿಲ್ಲ.

ಮಗಳ ತಲೆ ತಿನ್ನುತ್ತಿದ್ದದ್ದು ಬೇರೆ. ಬೇಸಾಯದ ಹಳೆಯ ಯಂತ್ರಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ ಅಪ್ಪನಿಗೆ ಊರಿಟ್ಟ ಹೆಸರು ಆದ್ರಣ್ಣ. "ಗಾಡಿ ಚೆನ್ನಾಗಿದೆ, ಆದ್ರೆ..." ಅಂತ ಶುರು ಮಾಡಿದನೆಂದರೆ ಬಂದವರು ಕಂಬಿ ಕೀಳಬೇಕು, ಅಷ್ಟು ದೋಷ ಹೇಳುತ್ತಿದ್ದ. ಎಲ್ಲಕ್ಕಿಂತ ದೊಡ್ಡ ದೋಷವನ್ನು ಕೀ ಕೊಡುವ ಗಳಿಗೆಗೆ ಉಳಿಸಿಕೊಳ್ಳುತ್ತಿದ್ದ. ಕೇಳಿ ಬೇಡವೆಂದವರಿಗೆ ಮುಂಗಡ ವಾಪಸು. ಈ ಸಲ ಅದನ್ನು ಹೇಳುವ ಮೊದಲೇ ನಿದ್ದೆಯಲ್ಲಿ ಹೊರಟುಬಿಟ್ಟಿದ್ದ.

*

ಈ ಚಾಳಿ ಹುಟ್ಟುವ ಮುಂಚೆ ಅಪ್ಪ ಮೇವು ಕತ್ತರಿಸುವ ಯಂತ್ರವೊಂದನ್ನು ಮಾರಿದ್ದ. ಬೆಲ್ಟಿನ ಮೇಲಿನ ಮುಚ್ಚಳ ಸಡಿಲವಾಗಿದೆ ಅಂತ ಹೇಳಲು ಮರೆತಿದ್ದ. ಕೊಂಡವನ ಎರಡು ಬೆರಳ ತುದಿ ಹೋಯಿತು. "ನೋಡೇ ತಗೊಂಡಿದ್ದೀನಿ, ನಿಂದೇನೂ ತಪ್ಪಿಲ್ಲ" ಅಂತ ಅವನೇ ಆಸ್ಪತ್ರೆಯ ಮಂಚದಿಂದ ಸಮಾಧಾನ ಹೇಳಿದರೂ ಅಪ್ಪ ತಗ್ಗಿಸಿದ ತಲೆ ಎತ್ತಲಿಲ್ಲ. ಗಾಯ ಮಾಗಿದ ಮೇಲೆ ಅವನನ್ನು ತನ್ನ ಶೆಡ್ಡಿಗೇ ಕರೆತಂದ. ಅವನು ಮೆಕ್ಯಾನಿಕ್ ಆದ. ಇಬ್ಬರೂ ಒಂದೇ ಸ್ಪ್ಯಾನರಿಗೆ ಕಿತ್ತಾಡುತ್ತ ಮುದುಕರಾದರು.

*

"ಮಾರಿದ ಮೇಲೆ ಮುಗೀತಮ್ಮ," ಅಂದ ಚಿಕ್ಕಪ್ಪ. "ಇದೇನು ಅಂಗಡಿ ಮಾಲಾ, ಗ್ಯಾರಂಟಿ ಕೊಡೋಕೆ?"

"ಅಪ್ಪ ಹೇಳದೆ ಉಳಿಸ್ಕೊಂಡಿದ್ದು ಬ್ರೇಕಿಂದೇ ಆಗಿದ್ರೆ? ನಾಳೆ ಅವರು ಇಳಿಜಾರಲ್ಲಿ ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ?"

ಮಗಳು ಸೀದಾ ಅಂಗಳಕ್ಕೆ ಹೋಗಿ ಎಲ್ಲರನ್ನೂ ಕೇಳಿಯೇಬಿಟ್ಟಳು. ಆ ಟ್ರ್ಯಾಕ್ಟರನ್ನು ಎರವಲು ಪಡೆಯದವರು ಅಲ್ಲಿ ಯಾರಿದ್ದರು? ಎರಡನೇ ಗೇರು ಹಾರುತ್ತದೆ ಅಂದರು, ಸೀಟು ಚುಚ್ಚುತ್ತದೆ ಅಂದರು, ಹಾರ್ನ್ ಎಡಕ್ಕೆ ತಿರುಗಿದಾಗ ಮಾತ್ರ ಕೂಗುತ್ತದೆ ಅಂದರು. ಅದೆಲ್ಲ ಆದ್ರಣ್ಣನೇ ಹೇಳಿಯಾಗಿದೆ ಅಂತ ಸಸಿಯವಳು ತಲೆಯಾಡಿಸುತ್ತಲೇ ಇದ್ದಳು. ಅಷ್ಟರಲ್ಲಿ ಹೊಸ್ತಿಲಿಂದ ಅಮ್ಮ ಮೂಗು ಒರೆಸಿಕೊಂಡು, "ಇವರು ಗೊರಕೆ ಹೊಡೀತಿದ್ರು. ಮದುವೆಗೆ ಮುಂಚೆ ಒಬ್ರೂ ಹೇಳ್ಲಿಲ್ಲ ನಂಗೆ" ಅಂದಳು. ಅಳುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೆಕ್ಯಾನಿಕ್ ಮಾತ್ರ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಮೊಂಡು ಬೆರಳು ಆಡಿಸುತ್ತ ನಿಂತಿದ್ದ.

"ಯಾವ ದೋಷಾನೂ ಉಳಿದಿಲ್ಲ ಕಣಮ್ಮ. ಇವರು ಹೇಳಿದ್ದೆಲ್ಲಾ ಬಿಚ್ಚಿ ಸರಿ ಮಾಡಿದ್ವಿ, ಬ್ರೇಕೂ ಹೊಸದು. ಇನ್ನೊಂದು ಹುಡುಕೋ, ಇನ್ನೊಂದು ಹುಡುಕೋ ಅಂತ ನಿಮ್ಮಪ್ಪ ನಿನ್ನೆನೂ ನನ್ನ ಪ್ರಾಣ ತಿಂದ. ನೀನು ಓಡಿಸೋದು ಕಲಿತ ಗಾಡಿ, ಕೊಡೋಕೆ ಮನಸ್ಸಿರ್ಲಿಲ್ಲ ಅವನಿಗೆ."

ಮಗಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಸಸಿಯವಳ ಅಂಗೈಯಲ್ಲಿ ಕೀ ಇಟ್ಟು, "ಒಂದೇ ಒಂದು ದೋಷ ಅಕ್ಕ. ಇದನ್ನ ಬಿಟ್ಟುಕೊಡೋಕೆ ಈ ಮನೇಲಿ ಯಾರಿಗೂ ಇಷ್ಟ ಇಲ್ಲ" ಅಂದಳು.

ಸಸಿಯವಳು ಕೀಯನ್ನು ತಿರುಗಿ ಅವಳ ಕೈಗೇ ಕೊಟ್ಟಳು.

"ನನಗೆ ಗಾಡಿ ಬೇಕೇ ಬೇಕು. ಓಡೋದನ್ನ ನೋಡದೆ ಮಾತ್ರ ತಗೊಳ್ಳಲ್ಲ. ನಿಮ್ಮಪ್ಪನ್ನ ಇದರಲ್ಲೇ ಕರ್ಕೊಂಡು ಹೋಗೋಣ. ನೀನೇ ಓಡಿಸು."

ಟ್ರೇಲರು ಕಟ್ಟಿದರು. ಅಪ್ಪನ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಮೆಕ್ಯಾನಿಕ್ ಕೂತರು. ಸಸಿಯವಳು ಮಡ್‌ಗಾರ್ಡ್ ಮೇಲೆ ಕೂತು ಎಂಜಿನ್ನಿಗೆ ಕಿವಿಗೊಟ್ಟಳು. ನಿಧಾನವಾಗಿ ಹೋಗಬೇಕೆಂದೇ ಮಗಳು ಹೊರಟದ್ದು; ರಸ್ತೆಗಿಳಿದ ಮೇಲೆ ಕೈ ಕೇಳಲಿಲ್ಲ. ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ, ಬಂದವರೆಲ್ಲ ರಸ್ತೆ ತುಂಬ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ಚಿಕ್ಕಪ್ಪ, ಚಪ್ಪಲಿ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ, ನಗುತ್ತ ಬರುತ್ತಿದ್ದ.