ಹಿಂಗೋಡೆಯ ಕನಸು

ನನ್ನ ಗಂಡ ದ್ಯಾವಯ್ಯನವರಿಗೆ ಕನಸು ಬೀಳುತ್ತಿದ್ದದ್ದು ಮಧ್ಯಾಹ್ನದ ಹೊತ್ತು. ಊರವರೆಲ್ಲ ರಾತ್ರಿಯಿಡೀ ಕಾಣುವುದನ್ನು ಇವರು ಊಟವಾದ ಮೇಲೆ ಅರ್ಧ ಗಂಟೆಯಲ್ಲಿ ಕಂಡು ಮುಗಿಸುತ್ತಿದ್ದರು. ಅದೂ ಮನೆಯಲ್ಲಲ್ಲ, ನಾನು ಆಯಾ ಆಗಿದ್ದ ಅಂಗನವಾಡಿಯಲ್ಲಿ. ಪಾಳ್ಯದಿಂದ ಎರಡು ಮೈಲಿ ಒಳಗಿರುವ ನಮ್ಮೂರಿನ ಇಪ್ಪತ್ತೆರಡು ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ತಿನ್ನಿಸಿ, ಮಲಗಿಸುವುದು ನನ್ನ ಕೆಲಸ. ನಾನು ಹೇಳುತ್ತಿರುವ ಕಾಲಕ್ಕೆ ಎರಡು ವರ್ಷ ಮೊದಲು ಆ ಕೋಣೆಯನ್ನು ಕಟ್ಟಿದವರೂ ಇವರೇ. ಗಾರೆ ಕೆಲಸದಲ್ಲಿ ಇವರ ಹೆಸರು ಆಲೂರಿನ ತನಕ ಇತ್ತು.

ಯಾವ ಊರಲ್ಲಿ ಕೆಲಸವಿದ್ದರೂ ಮಧ್ಯಾಹ್ನಕ್ಕೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಬುತ್ತಿಯ ಮುದ್ದೆ ನುಂಗಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತರೆ ಮುಗಿಯಿತು, ನಿದ್ದೆ. ಮಕ್ಕಳು ಆ ಗೋಡೆಯ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಂಡೇ ಗದರುತ್ತಿದ್ದರು.

"ಆ ಕಡೆ ಮಲಕ್ಕೊಳ್ರೋ ಹೋಗ್ರೋ. ಇಲ್ಲಿ ಇರುವೆ ಐತೆ."

ಇರುವೆಯನ್ನು ನಾನಂತೂ ಕಾಣೆ. ಹೆಂಡತಿ ಕೆಲಸ ಮಾಡುವ ಜಾಗಕ್ಕೆ ಬಂದು ಗೊರಕೆ ಹೊಡೆಯುವ ಗಂಡನನ್ನು ಕಂಡು ನನಗೆ ನಾಚಿಕೆಯಾಗುತ್ತಿತ್ತು. ಸೋಮಾರಿ ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನಗುತ್ತಿದ್ದರು. ಮಾರನೆಯ ದಿನ ಮತ್ತೆ ಹಾಜರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ, ತೋಟಗಳಲ್ಲಿ ಕಾಫಿ ಹೂವು ಅರಳಿದ ವಾರ ಆ ಕನಸು ಶುರುವಾಯಿತು. ಎಲ್ಲೆಲ್ಲೂ ಮಂಜು ಕವಿದಿರುತ್ತಂತೆ. ಗುಡ್ಡ, ಗದ್ದೆ, ದಾರಿ ಒಂದೂ ಕಾಣದು. ಹೂವಿನ ವಾಸನೆ ಮಾತ್ರ ಬರುತ್ತಿರುತ್ತದೆ. ಆ ಬಿಳುಪಿನೊಳಗಿಂದ ಒಂದು ದಾರ ಮೆಲ್ಲಗೆ ಇಳಿದು ಬರುತ್ತದೆ. ಅದರ ತುದಿಗೆ ತೂಗುಗುಂಡು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆಯವರು ಇಳಿಬಿಡುವ ಹಿತ್ತಾಳೆಯ ಗುಂಡು. ಮೇಲೆ ಹಿಡಿದವರ ಕೈ ಕಾಣುವುದಿಲ್ಲ. ಗುಂಡು ಅಲ್ಲಾಡುವುದೂ ಇಲ್ಲ. ಆಮೇಲೆ ಯಾರೋ ತೀರಾ ಹತ್ತಿರದಿಂದ, ಮೆತ್ತಗೆ ಕೇಳುತ್ತಾರೆ: "ಏನು ಕಾಣ್ತೈತೆ, ದ್ಯಾವಯ್ಯ?" ಇವರು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗುತ್ತದೆ.

ಒಂದು ದಿನವಾದರೆ ಸರಿ. ದಿನಾ ಅದೇ. ಎದ್ದಾಗ ಅಂಗಿಯೆಲ್ಲ ಬೆವರು. ಮೇ ತಿಂಗಳ ಹೊತ್ತಿಗೆ ಊಟ ಅರ್ಧಕ್ಕಿಳಿಯಿತು, ಕೆನ್ನೆ ಒಳಗೆ ಹೋಯಿತು. ನನಗೆ ಹೆದರಿಕೆ ಹತ್ತಿತು. ಮಳೆಗಾಲ ಕಾಣುವಷ್ಟರಲ್ಲಿ ಈ ಮನುಷ್ಯ ಕೈಬಿಟ್ಟು ಹೋಗುತ್ತಾರೇನೋ ಅನಿಸಿತು.

ಅಮ್ಮನ ಗುಡಿಯ ಪೂಜಾರಿ ದೇವೀರಪ್ಪನವರ ಹತ್ತಿರ ಹೋಗಿ ಹೂ ಕೇಳಿಸಿದೆ. ಹೂವು ಬಲಕ್ಕೆ ಬಿತ್ತು. "ಒಳ್ಳೇದೇ ಕಣವ್ವ. ಸ್ವಂತ ಮನೆ ಕಟ್ತೀರಿ, ಅದಕ್ಕೇ ಗುಂಡು ಕಾಣ್ತೈತೆ," ಎಂದರು. ಕಣಿ ಹೇಳುವ ಹುಲಿಯಮ್ಮ, ಸತ್ತ ಅತ್ತೆ ದಾರ ಇಳಿಬಿಟ್ಟು ಮಗನನ್ನು ಕರೆಯುತ್ತಿದ್ದಾಳೆ, ಎಡೆ ಇಡು ಎಂದಳು. ಇಟ್ಟೆ. ಬದುಕಿದ್ದಾಗ ನನ್ನನ್ನು ಒಂದು ಸಲವೂ ಅಕ್ಕರೆಯಿಂದ ಕರೆಯದ ಅತ್ತೆಗೆ ಕೋಳಿ ಕೊಯ್ದು ಬಡಿಸಿದೆ. ಕನಸು ಮಾತ್ರ ಹೋಗಲಿಲ್ಲ.

ಆನೇಮಹಲ್ ಆಚೆಯ ಒಂದು ಎಸ್ಟೇಟಿನಲ್ಲಿ ಇವರು ಆಗಾಗ ಕಾಫಿ ಒಣಗಿಸುವ ಕಣದ ರಿಪೇರಿ ಮಾಡುತ್ತಿದ್ದರು. ಅಲ್ಲಿ ಲೆಕ್ಕ ಬರೆಯುವ ರೈಟರ್ ಮಂಗಳೂರು ಕಡೆಯ ಕ್ರೈಸ್ತರು, ವಯಸ್ಸಾದವರು. ಇವರ ಕನಸು ಅವರ ಕಿವಿಗೂ ಬಿದ್ದು, ಭಾನುವಾರ ಇಬ್ಬರೂ ಬನ್ನಿ ಎಂದು ಹೇಳಿ ಕಳಿಸಿದರು. ಬಸ್ಸು ಹಿಡಿದು ಹೋದೆವು. ಹಿಂದಿನ ದಿನದ ಮಳೆಗೆ ಗುಡ್ಡಗಳ ಮೇಲೆ ಮಂಜು ಕೂತಿತ್ತು. ರೈಟರ್ ಜಗುಲಿಯಲ್ಲಿ ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

"ನಿನ್ನ ಕನಸು ಹೊಸತಲ್ಲ ಮಾರಾಯ. ಎರಡು ಸಾವಿರದ ಏಳ್ನೂರು ವರ್ಷದಷ್ಟು ಹಳೆಯದು," ಎಂದರು.

ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಇಬ್ರಿಯರ ದೇಶದಲ್ಲಿ ಆಮೋಸ ಎಂಬ ಕುರಿ ಕಾಯುವವನಿದ್ದ. ಅತ್ತಿಹಣ್ಣಿನ ಮರಗಳನ್ನೂ ನೋಡಿಕೊಳ್ಳುತ್ತಿದ್ದ. ಅವನಿಗೆ ದೇವರು ಒಂದೊಂದೇ ನೋಟ ತೋರಿಸುತ್ತಾ ಹೋದ. ಮೊದಲನೆಯದು, ಎರಡನೇ ಬೆಳೆ ಚಿಗುರುವ ಹೊತ್ತಿಗೆ ಬಂದ ಮಿಡತೆ. ಈ ಜನ ಬಡಪಾಯಿಗಳು, ತಡೆದುಕೊಳ್ಳಲಾರರು ಎಂದು ಆಮೋಸ ಬೇಡಿಕೊಂಡ. ದೇವರು ಮನಸ್ಸು ಬದಲಿಸಿದ. ಎರಡನೆಯದು, ಪಾತಾಳದ ನೀರನ್ನೂ ಕುಡಿದುಬಿಡುವ ಬೆಂಕಿ. ಮತ್ತೆ ಬೇಡಿಕೊಂಡ. ದೇವರು ಅದನ್ನೂ ಬಿಟ್ಟ. ಮೂರನೆಯ ಸಲ ದೇವರು ಗೋಡೆಯ ಪಕ್ಕ ತೂಗುಗುಂಡು ಹಿಡಿದು ನಿಂತಿದ್ದ. ಏನು ಕಾಣುತ್ತಿದೆ ಎಂದು ಆಮೋಸನನ್ನೇ ಕೇಳಿದ. ತೂಗುಗುಂಡು ಎಂದ ಅವನು. ಅಷ್ಟೇ, ಬೇಡಿಕೊಳ್ಳಲಿಲ್ಲ.

ನಮ್ಮ ದೇಶವಲ್ಲ, ನಮ್ಮ ದೇವರಲ್ಲ, ಆದರೂ ನಮ್ಮ ಮನೆಯ ಮೊಳೆಗೆ ನೇತುಹಾಕಿದ್ದ ಗುಂಡೇ ಅಲ್ಲಿಗೂ ಹೋಗಿ ಬಂದ ಹಾಗಿತ್ತು.

"ಇದೆಲ್ಲ ಸಂಕೇತ," ಎಂದರು ರೈಟರ್. "ಗೋಡೆ ಅಂದ್ರೆ ಜನ. ಗುಂಡು ಅಂದ್ರೆ ನ್ಯಾಯ. ಲೋಕ ವಾಲಿದೆ ಅಂತ ನಿನಗೂ ತೋರಿಸ್ತಾ ಇರ್ಬೇಕು."

ಇವರು ನೆಲ ನೋಡುತ್ತಾ ಕೇಳಿದರು, "ಮೂರನೇ ಸಲ ಯಾಕೆ ಬೇಡ್ಕೊಳ್ಲಿಲ್ಲ, ಸಾರ್?"

ರೈಟರ್ ಕನ್ನಡಕ ಒರೆಸಿಕೊಂಡರು. "ತೀರ್ಪು ಆಗಿಹೋಗಿತ್ತು ಅಂತ ಓದಿದವರು ಬರೀತಾರೆ. ನಿಜ ಹೇಳಬೇಕಂದ್ರೆ ನಂಗೂ ಗೊತ್ತಿಲ್ಲ."

ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತೆವು. ಲಾರಿಗಳು ಮಂಜಿನೊಳಗಿಂದ ದೀಪ ಹಚ್ಚಿಕೊಂಡು ಬಂದು ಮಂಜಿನೊಳಕ್ಕೇ ಹೋಗುತ್ತಿದ್ದವು.

"ಮಿಡತೆ ಹೊರಗಿಂದ ಬತ್ತದೆ ಕಣೆ ಚೌಡಿ," ಎಂದರು ಇವರು. "ಬೆಂಕೀನೂ ಹೊರಗಿಂದ್ಲೇ. ಬೇಡ್ಕೋಬೋದು. ಗೋಡೆ ಕಟ್ಟಿದೋನು ಯಾರ್ ತಾವ ಬೇಡ್ಕೋತಾನೆ?"

"ಯಾವ ಗೋಡೆ?" ಎಂದೆ.

"ಅಂಗನವಾಡೀದು. ಹಿಂದಿನ್ದು."

ಆಮೇಲೆ ಎಲ್ಲ ಹೊರಗೆ ಬಂತು. ದ್ಯಾವಯ್ಯನ ಕಣ್ಣೇ ತೂಗುಗುಂಡು ಎಂದು ಜನ ಹೊಗಳುತ್ತಿದ್ದ ಕಾಲ ಅದು. ಆ ಹೊಗಳಿಕೆಗೆ ಉಬ್ಬಿ, ಹಿಂಗೋಡೆಯನ್ನು ಗುಂಡು ಬಿಡದೆ ಕಣ್ಣಳತೆಯಲ್ಲೇ ಎಬ್ಬಿಸಿದ್ದರು. ಚಾವಣಿ ಕೂತ ಮೇಲೆ ಸುಮ್ಮನೆ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ಒಳಕ್ಕೆ ವಾಲಿತ್ತು. ಬಿಚ್ಚಿ ಕಟ್ಟಲು ಮರ್ಯಾದೆ ಅಡ್ಡ ಬಂತು. ಒಳಮೈಗೆ ಕೆಳಗೆ ದಪ್ಪ, ಮೇಲೆ ತೆಳು ಗಾರೆ ಹಾಕಿ, ಕಣ್ಣಿಗೆ ನೆಟ್ಟಗೆ ಕಾಣುವಂತೆ ಮಾಡಿ ಸುಣ್ಣ ಬಳಿದಿದ್ದರು.

"ಮಣ್ಣಿನ ಕಟ್ಟಡ. ಎರಡು ಮಳೆ ತಡ್ಕೊಂಡೈತೆ. ಮೂರನೇದು ಗೊತ್ತಿಲ್ಲ."

ನಾನು ಎದ್ದು ದೂರ ಹೋಗಿ ನಿಂತೆ. ಎರಡು ವರ್ಷ ಆ ಕೋಣೆಯಲ್ಲಿ ಜೋಗುಳ ಹಾಡಿದ್ದೆ. ಈ ಮನುಷ್ಯನ ಮುಖ ನೋಡಲು ಅಸಹ್ಯವಾಯಿತು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತು ಬಂದೆ.

ಸೋಮವಾರ ಬೆಳಿಗ್ಗೆ ಮಕ್ಕಳನ್ನು ಗುಡಿಯ ಜಗುಲಿಯಲ್ಲಿ ಕೂರಿಸಿದೆ. ಇವರು ಉಳಿ, ಸುತ್ತಿಗೆ, ಗುಂಡು ತಂದರು. ದೇವೀರಪ್ಪನವರನ್ನೂ ಊರಿನ ಹಿರಿಯರನ್ನೂ ತಾವೇ ಹೋಗಿ ಕರೆದುಕೊಂಡು ಬಂದರು. ಗೋಡೆಯ ನಡುವಿನ ಗಾರೆಯನ್ನು ಮೇಲಿನಿಂದ ಕೆಳಗಿನ ತನಕ ಪಟ್ಟಿಯಾಗಿ ಕೆತ್ತಿ ತೆಗೆದರು. ಮೇಲೆ ಸಿಪ್ಪೆಯ ಹಾಗೆ ಉದುರಿತು. ಕೆಳಗೆ ಹೋಗುತ್ತಾ ಹೋಗುತ್ತಾ ಇಟ್ಟಿಗೆಯಷ್ಟು ದಪ್ಪ ಬಂತು. ಮೇಲೆ ಮೊಳೆ ಹೊಡೆದು ಗುಂಡು ಇಳಿಬಿಟ್ಟರು. ಅದು ತೂಗಿ ತೂಗಿ ನಿಂತಿತು.

"ಚೌಡಿ, ಏನು ಕಾಣ್ತೈತೆ ಹೇಳು," ಎಂದರು.

ಎಲ್ಲರೂ ನನ್ನನ್ನೇ ನೋಡಿದರು. ಏನೂ ಇಲ್ಲ ಎಂದುಬಿಡಲು ನಾಲಿಗೆ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಇವರ ಹೆಸರು, ನಮ್ಮ ಅನ್ನ ಎಲ್ಲ ಆ ದಾರದಲ್ಲೇ ನೇತಾಡುತ್ತಿತ್ತು. ಬಗ್ಗಿ, ದಾರಕ್ಕೂ ಗೋಡೆಯ ಬುಡಕ್ಕೂ ನಡುವೆ ಕೈ ಇಟ್ಟೆ. ನನ್ನ ನಾಲ್ಕು ಬೆರಳೂ ಅಡ್ಡಲಾಗಿ ಹಿಡಿಸಿದವು.

"ನಾಲ್ಕು ಬೆರಳು ವಾಲೈತೆ," ಎಂದೆ.

ಬಗ್ಗಿದವಳಿಗೆ ಇನ್ನೊಂದೂ ಕಂಡಿತು. ಕೆತ್ತಿದ ಪಟ್ಟಿಯ ಪಕ್ಕದಲ್ಲೇ, ಕೂತವರ ತಲೆಯ ಎತ್ತರಕ್ಕೆ, ಸುಣ್ಣದ ಮೇಲೆ ಎಣ್ಣೆಯ ಕಲೆ. ಎರಡು ವರ್ಷ ಇವರ ತಲೆ ತಗುಲಿ ತಗುಲಿ ಆದದ್ದು. ಗೋಡೆ ಎಲ್ಲಿ ಹೆಚ್ಚು ವಾಲಿತ್ತೋ ಅಲ್ಲೇ ಇವರು ದಿನಾ ಬೆನ್ನು ಕೊಟ್ಟು ಕೂರುತ್ತಿದ್ದರು. ಸೈಕಲ್ ತುಳಿದು ಬರುತ್ತಿದ್ದದ್ದು ನನ್ನ ಮುದ್ದೆಗಲ್ಲ, ನಿದ್ದೆಗೂ ಅಲ್ಲ. ಮಕ್ಕಳು ಮಲಗುವ ಹೊತ್ತಿಗೆ ಗೋಡೆಗೂ ಮಕ್ಕಳಿಗೂ ನಡುವೆ ಕೂರಲು ಬರುತ್ತಿದ್ದರು. ಒಬ್ಬ ಮನುಷ್ಯನ ಬೆನ್ನು ಒಂದು ಗೋಡೆಯನ್ನು ತಡೆಯುತ್ತದೆಯೇ? ದಡ್ಡ ಗಂಡ. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಹಿರಿಯರ ಮುಂದೆಯೇ ಅತ್ತುಬಿಟ್ಟೆ.

ಗೋಡೆಯನ್ನು ತಾವೇ ಕೆಡವಿದರು. ತಾವೇ ಕಟ್ಟಿದರು, ಈ ಸಲ ಒಂದೊಂದು ವರಸೆ ಮೇಲೇರಿದಾಗಲೂ ಗುಂಡು ಬಿಟ್ಟು. ಆ ವರ್ಷ ಮಳೆ ನೆಟ್ಟಗೆ ಬರಲೇ ಇಲ್ಲ. ಹಳೇ ಗೋಡೆಯೇ ನಿಂತಿರುತ್ತಿತ್ತು, ದ್ಯಾವಯ್ಯ ಕನಸು ಕಂಡು ಮರ್ಯಾದೆ ಕಳೆದುಕೊಂಡ ಎಂದು ಜನ ನಕ್ಕರು. ವರ್ಷದ ತನಕ ಯಾರೂ ಮನೆ ಕೆಲಸಕ್ಕೆ ಕರೆಯಲಿಲ್ಲ. ಕನಸೂ ಮತ್ತೆ ಬರಲಿಲ್ಲ.

ಹೊಸ ಗೋಡೆಯ ಸುಣ್ಣ ಒಣಗಿದ ದಿನ, ಅಭ್ಯಾಸ ಬಲದಿಂದ ಮಧ್ಯಾಹ್ನ ಬಂದರು. ಅವರ ಜಾಗದಲ್ಲಿ ದೇವೀರಪ್ಪನವರ ಮೊಮ್ಮಗಳು ಪೂಜಿತಾ ಆಗಲೇ ಚಾಪೆ ಎಳೆದುಕೊಂಡು ಗೋಡೆಗೆ ಅಂಟಿ ಮಲಗಿದ್ದಳು. ಇವರನ್ನು ಕಂಡು ಗಾಬರಿಯಿಂದ ಎದ್ದು ಕೂತಳು.

"ತಾತ, ಇಲ್ಲಿ ಇರುವೆ ಐತಾ?"

ಇವರು ಗೋಡೆಯನ್ನು ಅಂಗೈಯಿಂದ ಒಂದು ಸಲ ಸವರಿದರು.

"ಇಲ್ಲ ಕಣವ್ವ," ಎಂದರು. "ಮಲಕ್ಕೋ."