ಬೆಳಗ್ಗೆ ಹಿಡಿಯದ ಕತ್ತರಿ

ಮಾಸ್ಟರು ಬೆಳಗ್ಗೆ ಬಟ್ಟೆ ಕತ್ತರಿಸುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹೊಲಿಗೆ ಅಂಗಡಿಯ ಗೋಡೆಯ ಮೇಲೆ ಬೋರ್ಡೇ ಇತ್ತು: ‘ಕಟಿಂಗ್ ಮಧ್ಯಾಹ್ನ ಎರಡರ ಮೇಲೆ’. ಯಾರಾದರೂ ಯಾಕೆಂದು ಕೇಳಿದರೆ ಮಾಸ್ಟರು ಕಿಟಕಿಯ ಕಡೆ ಕೈ ತೋರಿಸಿ, ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ, ಕತ್ತರಿಯ ನೆರಳು ಗೆರೆಯ ಮೇಲೆ ಕೂರುತ್ತದೆ, ಗೆರೆ ತಪ್ಪುತ್ತದೆ ಎಂದು ವಿವರಿಸುತ್ತಿದ್ದರು. ಕೇಳಿದವರು ಎಂಥ ಕಸುಬುದಾರನಪ್ಪ ಎಂದು ತಲೆದೂಗಿ ಹೋಗುತ್ತಿದ್ದರು. ಹೇಳಿ ಹೇಳಿ ಮಾಸ್ಟರಿಗೂ ಅದು ನಿಜವೆಂದೇ ಅನ್ನಿಸಿಬಿಟ್ಟಿತ್ತು.

ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ಮೊದಲ ಇಪ್ಪತ್ತನಾಲ್ಕು ವರ್ಷ ಬೆಳಗಿನ ಬಿಸಿಲು ಯಾವ ಅಂಗಿಗೂ ಕೇಡು ಮಾಡಿರಲಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.

ನಡೆದದ್ದು ಇಷ್ಟು. ಸಂಜೆ ಅಂಗಡಿ ಮುಚ್ಚಿದ ಮೇಲೆ ದಣಿವಿಗೆ ಒಂದು ಗ್ಲಾಸು ಎಂದು ಶುರುವಾದದ್ದು ಎರಡಾಯಿತು, ಮೂರಾಯಿತು, ಈಗ ಎಣಿಸುವ ಗೋಜಿಗೇ ಅವರು ಹೋಗುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಬೆರಳು ನಡುಗುತ್ತಿದ್ದವು. ಅಂಗಡಿಯಲ್ಲಿ ಲೈನಿಂಗ್ ಬಟ್ಟೆಯ ಸುರುಳಿಗಳ ಹಿಂದೆ ಒಂದು ಬಾಟಲಿ ಇರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮೊದಲು, ಹಸಿವಾಗಲಿ ಎಂದು, ಅದರಿಂದ ಎರಡು ಗುಟುಕು. ಆಮೇಲೆ ಕೈಯೂ ನೆಟ್ಟಗೆ, ಬೆಳಕೂ ನೆಟ್ಟಗೆ.

ಕುಡುಕ ಎಂದರೆ ಮಾಸ್ಟರ ಲೆಕ್ಕದಲ್ಲಿ ಹಿಂದಿನ ಬೀದಿಯ ಗಾರೆ ಕೆಲಸದವನು. ಅವನು ಕಂಡ ಕಂಡಲ್ಲಿ ಬೀಳುತ್ತಾನೆ, ಬೀದಿಯಲ್ಲಿ ನಿಂತು ಬಯ್ಯುತ್ತಾನೆ. ತಾವೇನು ತೂರಾಡಿದ್ದುಂಟೆ, ಮನೆಯವರ ಮೇಲೆ ಕೈ ಎತ್ತಿದ್ದುಂಟೆ? ಹೆಂಡತಿಯೂ ಕೇಳಿದವರಿಗೆಲ್ಲ ‘ಅವರಿಗೆ ನರದ ವೀಕ್‌ನೆಸ್ಸು’ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಪಾಪ, ನಾಲ್ಕು ಜನರ ಬಾಯಿಗೆ ಬೀಳುವುದು ಯಾರಿಗೆ ಬೇಕು?

ಹೀಗಿರುವಾಗ ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು, ಮೈಮೇಲೆ ಬಿಳಿ ಕೋಟಿರಬೇಕು. ಬಟ್ಟೆ ತಾನೇ ಆರಿಸಿ ತಂದು ಅಪ್ಪನ ಮೇಜಿನ ಮೇಲಿಟ್ಟಳು.

“ಅಪ್ಪ, ಇದಕ್ಕೆ ಬೇರೆ ಯಾರೂ ಕತ್ತರಿ ಹಾಕಬಾರದು. ನೀನೇ ಹಾಕ್ಬೇಕು.”

ಮಾಸ್ಟರಿಗೆ ಎದೆ ಉಬ್ಬಿತು. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಮೊದಲು ಮೇಜು ಒರೆಸಿ, ಬಟ್ಟೆ ಹಾಸಿ, ಲೈನಿಂಗಿನ ಸುರುಳಿಗಳ ಹಿಂದೆ ಕೈ ಹಾಕಿದರು. ಬಾಟಲಿ ಖಾಲಿ. ತರೋಣವೆಂದು ಹೊರಟರೆ, ಅವತ್ತು ಮತ ಎಣಿಕೆಯೆಂದು ಊರಿನ ಬಾರುಗಳೆಲ್ಲ ಬಾಗಿಲು ಹಾಕಿದ್ದವು. ಒಂದು ದಿನ ಇಲ್ಲದಿದ್ದರೆ ಪ್ರಾಣವೇನು ಹೋಗುವುದಿಲ್ಲ ಎಂದು ವಾಪಸು ಬಂದು ಕತ್ತರಿ ಹಿಡಿದರು.

ಬೆನ್ನಿನ ಭಾಗ ಹೇಗೋ ಆಯಿತು. ತೋಳು ಕೂಡಿಸುವ ಕಂಕುಳಿನ ಸುತ್ತಿನ ಹತ್ತಿರ ಬಂದಾಗ ಕೈ ಕುಣಿಯಿತು. ಕತ್ತರಿ ಗೆರೆ ಬಿಟ್ಟು ಎರಡು ಇಂಚು ಒಳಗೆ, ಎದೆಯ ಭಾಗಕ್ಕೇ ನುಗ್ಗಿತು. ಬಟ್ಟೆ ಕೆಟ್ಟಿತು. ಮಾಸ್ಟರು ಕತ್ತರಿ ಕೆಳಗಿಟ್ಟು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು.

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಗಸು ತಲೆ ಎತ್ತಿದಳು. ಒಂಬತ್ತು ವರ್ಷದಿಂದ ಆ ಅಂಗಡಿಯ ಗುಂಡಿ, ಕಾಜಾ ಎಲ್ಲ ಅವಳದೇ. ಎಲ್ಲರ ಬಾಯಲ್ಲೂ ಅವಳು ಕಾಜಕ್ಕ.

“ಮಾಸ್ಟ್ರೇ, ಇವತ್ತು ಬೆಳಕು ಚೆನ್ನಾಗೇ ಇದೆಯಲ್ಲ?” ಎಂದಳು.

ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು. ಏನು ನಿನ್ನ ಮಾತಿನ ಅರ್ಥ ಎಂದರು. ತಾನೇನು ಬೀದಿಯಲ್ಲಿ ಬೀಳುವವನೇ, ಆ ಗಾರೆಯವನ ಹಾಗೆ ಮಾನ ಬಿಟ್ಟವನೇ ಎಂದು ಕೂಗಾಡಿದರು. ಕಾಜಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎಲ್ಲ ಕೇಳಿಸಿಕೊಂಡಳು.

“ಅವನ ಅಳತೆ ತಗೊಂಡು ನಿಮಗೆ ಅಂಗಿ ಹೊಲಿತಿದ್ದೀರಲ್ಲ ಮಾಸ್ಟ್ರೇ. ನಿಮ್ಮ ಅಳತೆ ತೆಗೀರಿ. ಒಂದೇ ಗ್ಲಾಸು ಅಂತ ಕೂತು ಒಂದಕ್ಕೇ ಎದ್ದಿದ್ದು ಯಾವಾಗ? ಬಾಟಲಿ ಬಚ್ಚಿಡೋದು ಯಾಕೆ? ಬೆಳಗ್ಗೆ ನಡುಗೋ ಕೈ ಎರಡು ಗುಟುಕಿಗೆ ನಿಲ್ಲುತ್ತೆ ಅಂದ್ರೆ ಅದು ಹಸಿವಾ?”

ಮಾಸ್ಟರ ಕಣ್ಣು ಗೋಡೆಯ ಬೋರ್ಡಿನ ಮೇಲೆ ಬಿತ್ತು. ಕುಡಿಯುವುದಕ್ಕಾಗಿ ಅಂಗಡಿಯ ಕೆಲಸದ ಹೊತ್ತನ್ನೇ ತಾವು ಬದಲಾಯಿಸಿದ್ದು, ಅದನ್ನು ಚಂದದ ಅಕ್ಷರದಲ್ಲಿ ಬರೆಸಿ ತೂಗುಹಾಕಿದ್ದು ಎಲ್ಲವೂ ಆಗ ತಲೆಗೆ ಹೋಯಿತು. ಆ ಗಳಿಗೆಯಲ್ಲಿ ಅವರಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ತನ್ನ ಗಂಡನ ಕಥೆಯನ್ನು ಕಾಜಕ್ಕ ಅವತ್ತೇ ಮೊದಲು ಹೇಳಿದ್ದು. ಅವನು ಲಾರಿ ಡ್ರೈವರು. ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ಡಾಕ್ಟರ ಔಷಧಿ, ಜೊತೆಗೆ ಫೋನಿನಲ್ಲಿ ಸೇರುವ ಒಂದು ಗುಂಪು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ದಿನಾ ನಾಲ್ಕು ಗಂಟೆಗೆ ಅಲ್ಲಿ ಮಾತಾಡುತ್ತಾರೆ. ನಿಜವಾದ ಹೆಸರು ಹೇಳಬೇಕಿಲ್ಲ, ಮುಖ ತೋರಿಸಬೇಕಿಲ್ಲ, ಫೀಸಿಲ್ಲ. ಮಾಸ್ಟರು ಮೂಗು ಮುರಿದರು. ಫೋನಿನಿಂದ ಕುಡಿತ ಬಿಡುವುದಾದರೆ ಫೋನಿನಿಂದಲೇ ಹೊಟ್ಟೆಯೂ ತುಂಬಬೇಕಿತ್ತು ಎಂದರು. ಈ ಬೀದಿಯ ಪ್ರತಿ ಕುತ್ತಿಗೆಯ ಅಳತೆ ನನ್ನ ಹತ್ತಿರ ಇದೆ, ನನ್ನ ಕಥೆ ಅವರ ಕೈಗೆ ಸಿಕ್ಕಿದರೆ ಗತಿ ಏನು ಎಂದೂ ಅಂದರು.

“ಅದಕ್ಕೇ ಫೋನು. ಬೀದಿಯವರು ಯಾರೂ ಇರಲ್ಲ. ಒಂದ್ಸಲ ಕೇಳಿ, ಬೇಡ ಅನ್ನಿಸಿದ್ರೆ ಆಫ್ ಮಾಡಿ,” ಎಂದಳು ಕಾಜಕ್ಕ.

ನಾಲ್ಕು ಗಂಟೆಗೆ ಮಾಸ್ಟರು ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದುಕೊಂಡರು. ಗಿರಾಕಿಗಳು ಹೊಸ ಅಂಗಿ ಹಾಕಿಕೊಂಡು ನೋಡುವ ಕನ್ನಡಿಗೆ ಫೋನು ಒರಗಿಸಿ, ತಾವು ಒಂದು ಪಕ್ಕಕ್ಕೆ ಕೂತು, ‘ಟೇಪು’ ಎಂಬ ಹೆಸರಿನಲ್ಲಿ ಸೇರಿದರು. ಕ್ಯಾಮೆರಾ ಆಫ್ ಮಾಡಿದ್ದೇನೆಂದು ಅವರ ನಂಬಿಕೆ. ಅಷ್ಟರಲ್ಲಿ ಗುಂಪು ನಡೆಸುವ ಹಿರಿಯ ಹೆಂಗಸು, ಎಲ್ಲರೂ ದೊಡ್ಡಮ್ಮ ಎಂದು ಕರೆಯುವವರು, ಮೆತ್ತಗೆ ಹೇಳಿದರು:

“ಟೇಪಣ್ಣ, ಸುಸ್ವಾಗತ. ನಿಮ್ಮ ಮುಖ ಕಾಣ್ತಿಲ್ಲ, ಹೆದರಬೇಡಿ. ಆದ್ರೆ ಹಿಂದೆ ಮೂರು ಪ್ಯಾಂಟು ತೂಗಾಡ್ತಿವೆ.”

ಗುಂಪಿನವರೆಲ್ಲ ನಕ್ಕರು. ಮಾಸ್ಟರಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಕುಡಿಯದೆ ಬಂದ ನಗು. ಆಮೇಲೆ ಒಬ್ಬರು ಅಡುಗೆಯವರು ಮಾತಾಡಿದರು, ಒಬ್ಬರು ಮೇಡಂ ಮಾತಾಡಿದರು. ಆ ಮೇಡಂ ಪಾಠ ಮಾಡುವ ಶಾಲೆಯ ಬೀರುವಿನಲ್ಲಿ ಬಾಟಲಿ ಇಡುತ್ತಿದ್ದರಂತೆ. ತಮ್ಮ ಬದುಕನ್ನು ಇವರು ಎಲ್ಲಿಂದ ನೋಡಿದರು ಎಂದು ಮಾಸ್ಟರಿಗೆ ಆಶ್ಚರ್ಯವಾಯಿತು. ತಾವೂ ದಿನದ ಕುಡಿತ, ಇವತ್ತು ಕೈ ನಡುಗಿದ್ದು ಎಲ್ಲ ಹೇಳಿಕೊಂಡು, ಹುಮ್ಮಸ್ಸಿನಲ್ಲಿ, ಈ ಕ್ಷಣಕ್ಕೇ ಬಿಟ್ಟೆ, ಇನ್ನು ಒಂದು ಹನಿಯೂ ಮುಟ್ಟುವುದಿಲ್ಲ ಎಂದುಬಿಟ್ಟರು.

ದೊಡ್ಡಮ್ಮ ಅದಕ್ಕೆ ಚಪ್ಪಾಳೆ ತಟ್ಟಲಿಲ್ಲ.

“ನಿಲ್ಲಿ ಅಣ್ಣ. ದಿನಾ ಕುಡಿದು ಕೈ ನಡುಗೋ ಮೈ ಅದು. ಒಂದೇ ಏಟಿಗೆ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಇವತ್ತು ನಡುಗಿದೆ ಅಂತೀರಲ್ಲ, ಈಗಲೇ ಆಸ್ಪತ್ರೆಗೆ ಹೋಗಿ. ಜೊತೆಗೆ ಮನೆಯವರಿರಲಿ. ಡಾಕ್ಟರ ಹತ್ರ ಏನೂ ಮುಚ್ಚಿಡಬೇಡಿ. ನಾವು ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀವಿ.”

ಮಾಸ್ಟರು ನೆಟ್ಟಗೆ ಮನೆಗೆ ಹೋಗಿ ಹೆಂಡತಿಯ ಮುಂದೆ ಕೂತು, ನನಗೆ ನರದ ವೀಕ್‌ನೆಸ್ಸಲ್ಲ, ಕುಡಿತದ ಕಾಯಿಲೆ ಎಂದರು. ಅವಳು ಅಳಲಿಲ್ಲ. ಕುಕ್ಕರು ಇಳಿಸಿ, ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ನಡೀರಿ ಅಂದಳು. ದಾರಿಯಲ್ಲಿ ಮಾತ್ರ, ಈ ಮಾತು ನಿಮ್ಮ ಬಾಯಿಂದ ಬರಲಿ ಅಂತ ಎರಡು ವರ್ಷ ಕಾದೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಐದು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಸೋಮವಾರ ಮಗಳು ರೆಡಿಮೇಡ್ ಕೋಟು ಹಾಕಿಕೊಂಡು ಕೆಲಸಕ್ಕೆ ಹೋಗುವ ಮುನ್ನ ಅಪ್ಪನನ್ನು ನೋಡಲು ಬಂದಳು. ಭುಜ ದೊಗಲೆ, ತೋಳು ಬೆರಳು ಮುಚ್ಚುವಷ್ಟು ಉದ್ದ. ಟೈಲರ ಮಗಳು! ಮಾಸ್ಟರು ಗೋಡೆಗೆ ಮುಖ ತಿರುಗಿಸಿಕೊಂಡು ಅತ್ತರು. ಮಗಳು ತೋಳು ಮಡಚಿಕೊಂಡು, ಇದು ಎಷ್ಟು ದಿನ ಬೇಕಾದರೂ ಬಾಳಿಕೆ ಬರುತ್ತದೆ, ನೀನು ನಿಧಾನವಾಗಿ ಬಾ ಅಂದಳು.

ಆಮೇಲೆ ಎಲ್ಲವೂ ಸಲೀಸಾಗಿ ಆಯಿತೆಂದರೆ ಸುಳ್ಳಾಗುತ್ತದೆ. ಎರಡನೇ ತಿಂಗಳಲ್ಲಿ ಹಳೆಯ ಗೆಳೆಯನೊಬ್ಬ ಒತ್ತಾಯ ಮಾಡಿದಾಗ ಮಾಸ್ಟರು ಜಾರಿದರು. ಮರುದಿನ ನಾಲ್ಕಕ್ಕೆ ಟ್ರಯಲ್ ರೂಮಿಗೆ ಹೋಗಲು ಕಾಲೇ ಬರಲಿಲ್ಲ. ಕಾಜಕ್ಕ ಪರದೆ ಸರಿಸಿ ಸ್ಟೂಲು ಹಾಕಿ, ತಪ್ಪು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯೋದು ನಿಮಗೆ ಹೊಸದಾ ಎಂದು ಕೇಳಿದಳು. ಒಳಗೆ ಅಳುಕುತ್ತಲೇ ಮಾಸ್ಟರು ಒಪ್ಪಿಕೊಂಡರು. ಗುಂಪಿನಲ್ಲಿ ಯಾರೂ ಬಯ್ಯಲಿಲ್ಲ. ಡಾಕ್ಟರಿಗೂ ಹೇಳಿ ಎಂದರು. ಮಾಸ್ಟರು ಹೇಳಿದರು, ಮತ್ತೆ ಒಂದರಿಂದ ದಿನ ಎಣಿಸಲು ಶುರುಮಾಡಿದರು.

ಆ ಎಣಿಕೆ ನೂರಾ ನಲವತ್ತಕ್ಕೆ ಬಂದ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ಅಂಗಡಿ ತೆರೆದಾಗ ಮೇಜಿನ ಮೇಲೆ ಹೊಸ ಬಿಳಿ ಬಟ್ಟೆ ಹಾಸಿತ್ತು. ಬಾಗಿಲಲ್ಲಿ ಹೆಂಡತಿ, ಮಗಳು, ಮೂಲೆಯಲ್ಲಿ ಕಾಜಕ್ಕ. ಕಿಟಕಿಯಿಂದ ಬಿಸಿಲು ಎಂದಿನ ಹಾಗೆ ಓರೆಯಾಗಿಯೇ ಬಿದ್ದಿತ್ತು. ಮಾಸ್ಟರು ಗೆರೆ ಎಳೆದರು. ಕತ್ತರಿ ಹಿಡಿದರು. ಬೆನ್ನು, ಮುಂಭಾಗ, ಆಮೇಲೆ ಕಂಕುಳಿನ ಸುತ್ತು. ಕತ್ತರಿ ಗೆರೆಯ ಮೇಲೆಯೇ ಹೋಗಿ, ಸುತ್ತಿ ಬಂದು, ಬಟ್ಟೆ ಬಿಡಿಸಿಕೊಂಡು ನಿಂತಿತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸಂಜೆ ಹೊತ್ತಿಗೆ ಕೋಟು ಮಗಳ ಮೈಮೇಲಿತ್ತು. ಭುಜ ಭುಜದ ಮೇಲೆ, ತೋಳು ಮಣಿಕಟ್ಟಿಗೆ ಸರಿಯಾಗಿ. ಮಾಸ್ಟರು ಸ್ಟೂಲು ಹತ್ತಿ ಗೋಡೆಯ ಬೋರ್ಡು ಇಳಿಸಿದರು. ಅದನ್ನು ತಿರುಗಿಸಿ, ಹಿಂಬದಿಯಲ್ಲಿ ತಮ್ಮ ಕೈಯಾರೆ ದೊಡ್ಡ ಅಕ್ಷರದಲ್ಲಿ ಬರೆದರು: ‘ಕಟಿಂಗ್ ಬೆಳಗ್ಗೆ ಒಂಬತ್ತಕ್ಕೆ ಶುರು’. ಅಕ್ಷರ ಒಂದೂ ನಡುಗಿರಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಗೋಡೆಯ ಮೇಲೂ ಇಂಥದ್ದೊಂದು ನೆಪದ ಬೋರ್ಡು ಇದೆಯೇ, ಒಮ್ಮೆ ನೋಡಿ. ಪಕ್ಕದ ಮನೆಯವರ ಅಳತೆ ಬೇಡ, ನಿಮ್ಮದನ್ನೇ ತೆಗೆಯಿರಿ. ಕೈ ನಡುಗುತ್ತಿದ್ದರೆ, ಬಾಟಲಿ ಬಚ್ಚಿಡುತ್ತಿದ್ದರೆ, ಸಾಕು ಎಂದುಕೊಂಡರೂ ನಿಲ್ಲಿಸಲಾಗದಿದ್ದರೆ, ಅದು ಕೆಟ್ಟತನವಲ್ಲ, ಕಾಯಿಲೆ. ಅದಕ್ಕೆ ಮದ್ದಿದೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕಾಣಿ. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಾದರೆ ಆನ್‌ಲೈನ್ ಗುಂಪುಗಳಿವೆ, ಸಹಾಯವಾಣಿಗಳಿವೆ. ನಂಬಿಕೆಯ ಗುಂಪು ಯಾವುದೆಂದು ಡಾಕ್ಟರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಕೇಳಿ. ಕುಡಿತ ಬಿಡಿಸುತ್ತದೆಂದು ಊಟದಲ್ಲಿ ಗುಟ್ಟಾಗಿ ಬೆರೆಸಲು ಪುಡಿ ಮಾರುವವರನ್ನು ಮಾತ್ರ ದೂರವಿಡಿ. ಮನೆಯವರೇ, ನೀವು ನೆಪ ಹೇಳಿ ಮುಚ್ಚಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ನಡೆಯಿರಿ.

ಫೋನು ಹೇಗೂ ನಿಮ್ಮ ಕೈಯಲ್ಲೇ ಇದೆ. ಪರದೆ ಎಳೆದುಕೊಂಡು ಕೂತು ಒಮ್ಮೆ ಸೇರಿ ನೋಡಿ. ಹಿಂದೆ ಪ್ಯಾಂಟು ತೂಗಾಡುತ್ತಿದ್ದರೂ ಚಿಂತೆಯಿಲ್ಲ.